ಒಂದು ಮಡಿಗೆ ಒಂದು ಕೊಡ: ಸೊಲ್ಲಾಪುರದ ಬಿಸಿಲಿಗೆ ಒಪ್ಪುವ ಕೈತೋಟ

ಪಂಚಾಂಗದ ಪ್ರಕಾರ ವಸಂತ ಋತು ಶುರುವಾಗುವುದು ಚೈತ್ರದಲ್ಲಿ, ಯುಗಾದಿ ಪಾಡ್ಯದಂದು. ಆದರೆ ಸೊಲ್ಲಾಪುರದಲ್ಲಿ ಯುಗಾದಿಯ ಹೊತ್ತಿಗೆ ಹಗಲಿನ ಬಿಸಿಲು 38 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಅಂದು ಬಯಲಿನಲ್ಲಿ ಬಿತ್ತಿದ ಮೆಂತ್ಯೆ ಮೊಳೆತರೂ ಎದ್ದು ನಿಲ್ಲುವುದು ಕಷ್ಟ. ಇಲ್ಲಿ ಜನವರಿಯ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 31 ಡಿಗ್ರಿ. ಫೆಬ್ರುವರಿಯಲ್ಲಿ ಅದು 33–34ಕ್ಕೆ, ಮಾರ್ಚಿನಲ್ಲಿ 37ಕ್ಕೆ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40ರ ಗಡಿ ಮುಟ್ಟುತ್ತದೆ. ಹೀಗೆ ನೋಡಿದರೆ ತರಕಾರಿ ಬೆಳೆಯುವವರ ಪಾಲಿಗೆ ಇಲ್ಲಿಯ ವಸಂತವೆಂದರೆ ಸಂಕ್ರಾಂತಿಯಿಂದ ಹೋಳಿ ಹುಣ್ಣಿಮೆಯವರೆಗಿನ ಎಂಟೊಂಬತ್ತು ವಾರ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕೆ ಪ್ರದೇಶದ ಸುತ್ತಮುತ್ತ ಇರುವ ಕುಟುಂಬಗಳು ಮನೆ ಮುಂದೆಯೋ ಮಾಳಿಗೆಯ ಮೇಲೆಯೋ ಸಣ್ಣ ತೋಟ ಮಾಡಬೇಕೆಂದರೆ ಎರಡು ಮಾತು ಮೊದಲು ಮನಸ್ಸಿಗೆ ಹತ್ತಬೇಕು. ತೋಟದ ಕಾಲವನ್ನು ಗೊತ್ತುಮಾಡುವುದು ಬಿಸಿಲು. ತೋಟದ ಗಾತ್ರವನ್ನು ಗೊತ್ತುಮಾಡುವುದು ನೀರು. ಇವೆರಡನ್ನು ಒಪ್ಪಿಕೊಂಡರೆ ಮಗ್ಗದ ಶೆಡ್ಡುಗಳ ನಡುವೆಯೂ ಪಲ್ಯ ಬೆಳೆಯುತ್ತದೆ, ಅದನ್ನು ಬೆಳೆಯುವ ನೆವದಲ್ಲಿ ಮನೆಯವರು ಬಯಲಿಗೂ ಬರುತ್ತಾರೆ.

ಈ ಸೀಮೆಯ ಒಕ್ಕಲುತನವೇ ಇದಕ್ಕೆ ಸಾಕ್ಷಿ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಸೊಲ್ಲಾಪುರ, ಅಕ್ಕಲಕೋಟಗಳಲ್ಲಿ ಮಳೆಯ ಹೆಚ್ಚಿನ ಭರವಸೆ ಸೆಪ್ಟೆಂಬರ್ ತಿಂಗಳದ್ದು. ಆ ಮಳೆಯನ್ನು ಎರೆಮಣ್ಣು ಕುಡಿದು ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಅದರ ಮೇಲೆಯೇ ಹಿಂಗಾರಿ ಜೋಳ ಬೆಳೆಯುತ್ತದೆ. ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಮರದ ಕೆಳಗೆ ಊಟ ಮಾಡುವುದು, ಮುಂದೆ ಸೀತನಿ ಸುಟ್ಟು ತಿನ್ನುವುದು, ಇವೆಲ್ಲ ಬರುವುದು ಡಿಸೆಂಬರಿನಿಂದ ಫೆಬ್ರುವರಿಯೊಳಗೆ. ಅಂದರೆ ಬಯಲಿನ ಸಂತೋಷಕ್ಕೆ ಯಾವ ಕಾಲ ತಕ್ಕದ್ದೆಂದು ಈ ಭಾಗದ ಹಿರಿಯರು ಹಬ್ಬಗಳಲ್ಲೇ ಹೇಳಿಟ್ಟಿದ್ದಾರೆ. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೋಗುತ್ತದೆ ಎಂಬ ಮಾತೂ ಅದೇ ಅನುಭವದ್ದು. ಆ ಹೊತ್ತಿಗೆ ಒಕ್ಕಲಿಗ ಬಿತ್ತುತ್ತಿರುವುದಿಲ್ಲ, ರಾಶಿಯ ತಯಾರಿಯಲ್ಲಿರುತ್ತಾನೆ. ಮಣ್ಣಿನ ಹಸಿ ಆಗ ಮುಗಿಯುತ್ತ ಬಂದಿರುತ್ತದೆ, ಎರೆ ಬಿರುಕು ಬಿಡುತ್ತದೆ. ಮನೆಯ ತೋಟಕ್ಕೆ ಮಾತ್ರ ನಾವು ನೀರು ಹೊತ್ತು ಹಾಕುತ್ತೇವೆ, ಹಾಗಾಗಿ ಇನ್ನೊಂದಿಷ್ಟು ವಾರ ಬೆಳೆ ತೆಗೆಯಲು ಬರುತ್ತದೆ. ಆ ವಾರಗಳು ಮಿತ ಎಂಬುದನ್ನು ಮರೆತರೆ ಶ್ರಮ ವ್ಯರ್ಥ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಮೊಬೈಲಿನಲ್ಲಿ ನೋಡುವ ವಿಡಿಯೊಗಳಲ್ಲಿ, ಪರದೇಶದ ತೋಟದ ಪುಸ್ತಕಗಳಲ್ಲಿ ಮಾರ್ಚ್ ಎಂದರೆ ಬಿತ್ತನೆಯ ಸುಗ್ಗಿ, ‘ಪೂರ್ತಿ ಬಿಸಿಲು ಬೀಳುವ ಜಾಗ ಆರಿಸಿ’ ಎಂಬುದು ಅವರ ಮೊದಲ ಸಲಹೆ. ಅಷ್ಟು ಜನ ತಪ್ಪು ಹೇಳುತ್ತಾರೆಯೇ? ತಪ್ಪಲ್ಲ, ಆದರೆ ಅದು ಅವರ ನೆಲದ ಮಾತು. ಇಂಗ್ಲೆಂಡಿನಂಥ ಚಳಿ ದೇಶಗಳಲ್ಲಿ ಮಾರ್ಚಿನಲ್ಲೂ ಇಬ್ಬನಿ ಹೆಪ್ಪುಗಟ್ಟುತ್ತದೆ. ಮಣ್ಣು ಬೆಚ್ಚಗಾಗಲಿ ಎಂದು ಅವರು ಕಾಯುತ್ತಾರೆ, ಬಿಸಿಲು ಅವರಿಗೆ ಅಪರೂಪದ ಸಂಪತ್ತು. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ, ಬರ ಇರುವುದು ನೆರಳಿಗೆ. ಟೊಮೆಟೊ ಗಿಡವನ್ನೇ ನೋಡಿ. ಹಗಲಿನ ಉಷ್ಣಾಂಶ 35 ದಾಟಿ, ರಾತ್ರಿಯೂ ತಂಪಾಗದೆ ಹೋದರೆ ಅದರ ಪರಾಗ ಕೆಡುತ್ತದೆ. ಗಿಡ ಹಸಿರಾಗಿಯೇ ಇರುತ್ತದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ಕಚ್ಚುವುದಿಲ್ಲ. ಗೊಬ್ಬರ ಕಡಿಮೆಯಾಯಿತೆಂದು ಇನ್ನಷ್ಟು ಹಾಕಿದರೆ ಸೊಪ್ಪು ಹೆಚ್ಚಾದೀತೇ ಹೊರತು ಹಣ್ಣು ಬಾರದು. ಅಕ್ಟೋಬರ್, ನವೆಂಬರಿನಲ್ಲಿ ನಾಟಿಯಾದ ಟೊಮೆಟೊ ಫೆಬ್ರುವರಿಯವರೆಗೆ ಚೆನ್ನಾಗಿ ಕೊಡುತ್ತದೆ. ಮಾರ್ಚಿನಲ್ಲಿ ಹೊಸದಾಗಿ ಸಸಿ ತಂದು ನೆಡುವ ಆಸೆಯನ್ನು ಮುಂದಿನ ಚಳಿಗಾಲಕ್ಕೆ ಇಟ್ಟುಕೊಳ್ಳುವುದು ಲೇಸು.

ನೀರಿನ ಲೆಕ್ಕ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಸೊಲ್ಲಾಪುರದಂಥ ಒಣ ಹವೆಯಲ್ಲಿ ಮಾರ್ಚ್ ಹೊತ್ತಿಗೆ ಬೆಳೆ ನಿಂತ ನೆಲದಿಂದ ದಿನಕ್ಕೆ ಐದಾರು ಮಿಲಿಮೀಟರ್ ನೀರು ಆರಿಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅದು ಏಳೆಂಟಕ್ಕೆ ಏರುತ್ತದೆ. ನಾಲ್ಕು ಅಡಿ ಅಗಲ, ಐದು ಅಡಿ ಉದ್ದದ ಮಡಿ ಎಂದರೆ ಹತ್ತಿರ ಹತ್ತಿರ ಎರಡು ಚದರ ಮೀಟರ್. ಅದಕ್ಕೆ ಮಾರ್ಚಿನಲ್ಲಿ ದಿನಕ್ಕೆ ಹತ್ತು-ಹನ್ನೆರಡು ಲೀಟರ್ ಬೇಕು, ಅಂದರೆ ಮನೆಯ ಒಂದು ಕೊಡ. ಇದನ್ನೇ ಸೂತ್ರ ಮಾಡಿಕೊಳ್ಳಬಹುದು: ಒಂದು ಮಡಿಗೆ ಒಂದು ಕೊಡ. ದಿನಕ್ಕೆ ಎರಡು ಕೊಡ ಹೊಂದಿಸುವ ಶಕ್ತಿ ಇದ್ದರೆ ಎರಡು ಮಡಿ ಮಾಡಿ; ಜಾಗ ಎಷ್ಟೇ ಖಾಲಿ ಇದ್ದರೂ ಮೂರನೆಯದಕ್ಕೆ ಕೈ ಹಾಕಬೇಡಿ. ಸಣ್ಣ ತೋಟಗಳು ಕೆಡುವುದು ಹೆಚ್ಚಾಗಿ ಆಲಸ್ಯದಿಂದಲ್ಲ, ಸಂಕ್ರಾಂತಿಯ ತಂಪಿನಲ್ಲಿ ಹುರುಪಿನಿಂದ ಹತ್ತು ಕುಂಡ ಹೆಚ್ಚಿಗೆ ಇಟ್ಟು, ಶಿವರಾತ್ರಿ ಕಳೆದ ಮೇಲೆ ಅವಕ್ಕೆ ನೀರು ಪೂರೈಸಲಾಗದೆ. ಏಪ್ರಿಲಿನಲ್ಲಿ ಲೆಕ್ಕ ಹದಿನಾಲ್ಕು-ಹದಿನಾರು ಲೀಟರಿಗೆ ಏರಿದಾಗ ಎರಡನೆಯ ಕೊಡ ಹುಡುಕುವ ಬದಲು ನೆರಳು ಮತ್ತು ಹೊದಿಕೆಯಿಂದ ಖರ್ಚನ್ನು ಮೊದಲ ಕೊಡದೊಳಗೇ ಹಿಡಿದಿಡಬೇಕು.

ನಳದ ನೀರು ದಿನಾಲೂ ಬರದ ಊರಿನಲ್ಲಿ ಗಿಡಕ್ಕೆ ಒಂದು ಕೊಡವಾದರೂ ಏಕೆ ಹಾಕಬೇಕು ಎಂಬ ಪ್ರಶ್ನೆ ಹಗುರದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಸೊನ್ನಲಿಗೆಯಲ್ಲಿ ಶಿವಯೋಗಿ ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದ. ಊರು ಇಂದಿಗೂ ಅವನ ಹೆಸರಿನಲ್ಲಿ ಸಂಕ್ರಾಂತಿಗೆ ಗಡ್ಡಾ ಜಾತ್ರೆ ಮಾಡುತ್ತದೆ. ಈಗ ಭೀಮಾ ನದಿಯ ಉಜನಿ ಜಲಾಶಯದ ಮೇಲೆ ನಗರ ನಿಂತಿದೆ. ಅಷ್ಟು ದೂರದಿಂದ ಬರುವ ಕುಡಿಯುವ ನೀರನ್ನು ಮಡಿಗೆ ಸುರಿಯಿರಿ ಎಂದು ಹೇಳುವುದು ನ್ಯಾಯವಲ್ಲ. ಆದರೆ ಆ ನೀರೇ ಒಮ್ಮೆ ಬಳಕೆಯಾದ ಮೇಲೆ ಗಟಾರಕ್ಕೆ ಹೋಗುತ್ತದೆ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರಿಗೆ ಅಡುಗೆಮನೆಯಲ್ಲಿ ಒಂದು ಬಕೆಟ್ ಇಟ್ಟು ಒಂದು ವಾರ ಅಳೆದು ನೋಡಿ. ಎಷ್ಟು ಮಡಿ ಎಂಬುದಕ್ಕೆ ಆ ಬಕೆಟ್ಟೇ ಉತ್ತರ ಹೇಳುತ್ತದೆ. ಕೈತೋಟ ಹೊಸ ನೀರು ಕೇಳಬಾರದು, ಮನೆಯಲ್ಲಿ ಈಗಾಗಲೇ ಖರ್ಚಾಗುತ್ತಿರುವ ನೀರನ್ನು ಎರಡನೆಯ ಸಲ ದುಡಿಸಬೇಕು. ಬಟ್ಟೆ ಒಗೆದ ಸಾಬೂನು ನೀರು ಮಾತ್ರ ಬೇಡ. ಅದರಲ್ಲಿರುವ ಸೋಡಿಯಂ ಎರೆಮಣ್ಣಿನ ಕಣಗಳನ್ನು ಒಡೆದು, ಒಣಗಿದಾಗ ಕಲ್ಲಿನಂತೆ ಗಟ್ಟಿ ಮಾಡುತ್ತದೆ. ನೀರು ಶುದ್ಧೀಕರಣ ಯಂತ್ರ ಹೊರಗೆ ಬಿಡುವ ಉಪ್ಪು ಹೆಚ್ಚಿದ ನೀರನ್ನೂ ದಿನನಿತ್ಯ ಹಾಕಬಾರದು, ನೆಲ ತೊಳೆಯಲು ಅದನ್ನು ಬಳಸಿದರೆ ಸರಿ.

ಜಾಗ ಯಾವುದು, ಮಣ್ಣು ಎಂಥದು

ಮನೆಯ ಮೂಡಣ ದಿಕ್ಕಿನ ಗೋಡೆಯ ಬುಡವೇ ಇಲ್ಲಿ ತೋಟಕ್ಕೆ ಎಲ್ಲಕ್ಕಿಂತ ಒಳ್ಳೆಯ ಜಾಗ. ಅಲ್ಲಿ ಬೆಳಗಿನ ಎಳೆಬಿಸಿಲು ನಾಲ್ಕೈದು ತಾಸು ಬೀಳುತ್ತದೆ. ಮಧ್ಯಾಹ್ನ ಇಳಿಬಿಸಿಲು ಉರಿಯುವಾಗ ಗೋಡೆಯೇ ನೆರಳಾಗುತ್ತದೆ. ಪಡುವಣ ಗೋಡೆ ಸಂಜೆಯವರೆಗೆ ಕಾದು ರಾತ್ರಿಯಿಡೀ ಆ ಕಾವನ್ನು ಹೊರಗೆ ಬಿಡುತ್ತದೆ, ಅದರ ಪಕ್ಕದ ಗಿಡಕ್ಕೆ ರಾತ್ರಿಯ ವಿಶ್ರಾಂತಿಯೂ ಇಲ್ಲ. ಪತ್ರಾಸಿನ ಶೆಡ್ಡಿನ ಎದುರಿಗಿರುವ ಜಾಗವೂ ಹಾಗೆಯೇ, ತಗಡಿನಿಂದ ಹೊಳೆದು ಬರುವ ಬಿಸಿಲು ಎಲೆಗಳನ್ನು ಸುಡುತ್ತದೆ. ಅಂಗಳವೇ ಇಲ್ಲದವರು ಏನು ಮಾಡಬೇಕು? ಎಂಐಡಿಸಿಯಾಚೆ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಹೆಣ್ಣುಮಕ್ಕಳಿಗಾಗಿ 2006ರಲ್ಲಿ ಹತ್ತು ಸಾವಿರ ಮನೆಗಳ ಘರಕುಲ ಎದ್ದಿತು. 2024ರ ಜನವರಿಯಲ್ಲಿ ಅಲ್ಲಿಯೇ ರಾಯನಗರದ ಹದಿನೈದು ಸಾವಿರ ಮನೆಗಳು ಕಾರ್ಮಿಕರ ಕೈ ಸೇರಿದವು. ಅಂಥ ಸಣ್ಣ ಮನೆಗಳಿಗೆ ಮಡಿಯ ಬದಲು ಐದಾರು ಡಬ್ಬಿಗಳೇ ತೋಟ. ಹದಿನೈದು ಕಿಲೋದ ಎಣ್ಣೆ ಡಬ್ಬಿ, ಸಿಮೆಂಟ್ ಚೀಲ, ಒಡೆದ ಬಕೆಟ್ ಯಾವುದಾದರೂ ನಡೆಯುತ್ತದೆ, ತಳಕ್ಕೆ ನಾಲ್ಕೈದು ತೂತು ಬೇಕು ಅಷ್ಟೇ. ತಗಡಿನ ಡಬ್ಬಿಗೆ ಹೊರಗಿನಿಂದ ಗೋಣಿತಟ್ಟು ಸುತ್ತಿದರೆ ಬೇರು ಬೇಯುವುದಿಲ್ಲ.

ಕೈಗಾರಿಕೆ ಪ್ರದೇಶದಲ್ಲಿ ಬೆಳೆದದ್ದನ್ನು ತಿನ್ನಬಹುದೇ ಎಂಬ ಸಂದೇಹಕ್ಕೆ ನೇರ ಉತ್ತರ ಬೇಕು. ಎಲ್ಲೆಂದರಲ್ಲಿ ಬೆಳೆದು ತಿನ್ನಬಾರದು. ಆದರೆ ಮಣ್ಣು, ನೀರು, ಪಾತ್ರೆ ಈ ಮೂರನ್ನು ನೋಡಿಕೊಂಡರೆ ತಿನ್ನಬಹುದು. ಚಾದರ, ಟಾವೆಲ್ಲುಗಳ ಈ ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ ಇದ್ದೇ ಇದೆ. ಬಣ್ಣದ ನೀರು ಹರಿಯುವ ನಾಲೆಯ ಪಕ್ಕದ ಮಣ್ಣು, ಬೂದಿ-ಕಸ ಸುರಿದು ತುಂಬಿದ ನೆಲ, ರಸ್ತೆ ಬದಿಯ ಮಣ್ಣು ಇವು ತರಕಾರಿಗೆ ಸಲ್ಲ. ಬಣ್ಣ ಅಥವಾ ರಾಸಾಯನಿಕ ಬಂದಿದ್ದ ಡ್ರಮ್ಮು ಅಗ್ಗಕ್ಕೆ ಸಿಕ್ಕರೂ ತರಬೇಡಿ, ಎಷ್ಟು ತೊಳೆದರೂ ಅದರ ಮೈಗೆ ಅಂಟಿದ್ದು ಪೂರ್ತಿ ಹೋಗುವುದಿಲ್ಲ. ನೆಲದ ಬಗ್ಗೆ ಅನುಮಾನ ಇದ್ದವರು ಹಳ್ಳಿಯ ಹೊಲದಿಂದ ಎರೆಮಣ್ಣು ತರಿಸಿ ಡಬ್ಬಿಯಲ್ಲೇ ಬೆಳೆಯಲಿ. ಆಯ್ಕೆಯಲ್ಲೂ ಒಂದು ಜಾಣತನ ಇದೆ: ನೆಲದ ದೋಷ ಮತ್ತು ಗಾಳಿಯ ಧೂಳು ಹೆಚ್ಚು ಸೇರುವುದು ಸೊಪ್ಪಿಗೆ ಮತ್ತು ಗಡ್ಡೆಗೆ; ಬೆಂಡಿ, ಹೀರಿ, ಚವಳಿಯಂಥ ಕಾಯಿಗಳಿಗೆ ಕಡಿಮೆ. ರಸ್ತೆಯ ಕಡೆ ಮುಖ ಮಾಡಿದ ಮನೆಯವರು ಹಂದರಕ್ಕೆ ಹೀರಿ ಬಳ್ಳಿ ಹಬ್ಬಿಸಿ, ಅದರ ಮರೆಯಲ್ಲಿ ಸೊಪ್ಪು ಹಾಕಿಕೊಳ್ಳಬಹುದು. ಸೊಪ್ಪನ್ನು ಎರಡು ನೀರಿನಲ್ಲಿ ತೊಳೆಯುವ ರೂಢಿ ಹೇಗೂ ಇರಬೇಕಾದದ್ದೇ.

ಎರೆಮಣ್ಣು ಹೊಲದಲ್ಲಿ ಚಿನ್ನ, ಡಬ್ಬಿಯಲ್ಲಿ ಮಾತ್ರ ತೊಡಕು. ಹಸಿಯಾದಾಗ ಅಂಟಾಗಿ ಬೇರಿಗೆ ಗಾಳಿ ಬಿಡದು, ಒಣಗಿದಾಗ ಕುಗ್ಗಿ ಡಬ್ಬಿಯ ಅಂಚು ಬಿಟ್ಟು ನಿಲ್ಲುತ್ತದೆ. ಆಮೇಲೆ ಹಾಕಿದ ನೀರೆಲ್ಲ ಆ ಸಂದಿಯಿಂದ ನೇರ ಕೆಳಗಿಳಿದು ಹೋಗುತ್ತದೆ. ಅದಕ್ಕೆ ಒಂದು ಪಾಲು ಎರೆಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಗರಸು ಅಥವಾ ದಪ್ಪ ಮರಳು ಕೂಡಿಸಬೇಕು. ಹದ ಸರಿಯಾಯಿತೇ ಎಂದು ನೋಡಲು ಒಂದು ಹಿಡಿ ಮಿಶ್ರಣವನ್ನು ನೀರು ಚಿಮುಕಿಸಿ ಮುಷ್ಟಿಯಲ್ಲಿ ಹಿಸುಕಿ. ಉಂಡೆಯಾಗಬೇಕು, ಹೆಬ್ಬೆರಳಿನಿಂದ ತಟ್ಟಿದರೆ ಉದುರಬೇಕು. ಉದುರದೆ ಬೆರಳಚ್ಚು ಹಿಡಿದು ನಿಂತರೆ ಗರಸು ಸಾಲದು. ಉಂಡೆಯೇ ಆಗದಿದ್ದರೆ ಗೊಬ್ಬರ ಸಾಲದು. ಇಲ್ಲಿಯ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಅದರಿಂದ ಗಿಡಕ್ಕೆ ಕಬ್ಬಿಣ ದಕ್ಕುವುದು ಕಷ್ಟ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದೇ ಗುರುತು. ಕಳಿತ ಗೊಬ್ಬರ ಹೆಚ್ಚಿಸುವುದೇ ಅದಕ್ಕೆ ಮೊದಲ ಮದ್ದು.

ಯಾವುದನ್ನು ಯಾವಾಗ ಬಿತ್ತಬೇಕು

ಎಂಟೊಂಬತ್ತು ವಾರದ ವಸಂತವನ್ನು ಎರಡು ಕಂತಾಗಿ ಹಂಚಿಕೊಳ್ಳಬೇಕು. ಸಂಕ್ರಾಂತಿಯಿಂದ ಮೊದಲ ಮೂರ್ನಾಲ್ಕು ವಾರ ತಂಪು ಬೇಡುವ ಸೊಪ್ಪುಗಳಿಗೆ: ಮೆಂತ್ಯೆ, ಕೊತ್ತಂಬರಿ, ಪಾಲಕ್, ಸಬ್ಬಸಗಿ, ಜೊತೆಗೆ ಮೂಲಂಗಿ. ಮೆಂತ್ಯೆ 25–30 ದಿನಕ್ಕೆ ಕೈಗೆ ಬರುತ್ತದೆ, ಹೀಗಾಗಿ ಮೊದಲ ಸಲ ಮಾಡುವವರಿಗೆ ಇದರಷ್ಟು ಧೈರ್ಯ ಕೊಡುವ ಬೆಳೆ ಇನ್ನೊಂದಿಲ್ಲ. ಇಡೀ ಮಡಿಗೆ ಒಂದೇ ದಿನ ಬಿತ್ತದೆ, ವಾರಕ್ಕೊಂದು ಪಟ್ಟಿಯಂತೆ ಬಿತ್ತಿದರೆ ಒಂದು ತಿಂಗಳು ತಪ್ಪದೆ ಎಳೆಸೊಪ್ಪು ಸಿಗುತ್ತದೆ. ಕೊತ್ತಂಬರಿ ಕಾಳನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು; ಬಿಸಿಲು ಏರಿದರೆ ಅದು ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ಏರುತ್ತದೆ, ಹಾಗಾಗಿ ಫೆಬ್ರುವರಿ ನಡುವಿನ ನಂತರ ಬಿತ್ತಿ ಫಲವಿಲ್ಲ. ಶಿವರಾತ್ರಿಯ ಸುಮಾರಿಗೆ ಎರಡನೆಯ ಕಂತು: ಬೆಂಡಿ, ಚವಳಿ, ಹೀರಿ, ಸವತಿ, ರಾಜಗಿರಿ, ಬಸಳೆ. ಇವು ಕಾವನ್ನು ಬೇಡುವ ಜಾತಿ. ಬೆಂಡಿಯ ಬೀಜವನ್ನು ರಾತ್ರಿ ನೆನೆಹಾಕಿ ಊರಿದರೆ 45–50 ದಿನಕ್ಕೆ ಮೊದಲ ಕಾಯಿ. ಸೊಪ್ಪು ತೆಗೆದ ಪಟ್ಟಿ ಖಾಲಿಯಾದಂತೆ ಅದೇ ಜಾಗದಲ್ಲಿ ಇವನ್ನು ಹಾಕುತ್ತ ಹೋದರೆ ಮಡಿಯೂ ಒಂದೇ, ಕೊಡವೂ ಒಂದೇ, ಬೆಳೆ ಎರಡು. ಯುಗಾದಿಯ ನಂತರ ಹೊಸ ಬಿತ್ತನೆ ಬೇಡ, ಇದ್ದದ್ದನ್ನು ನೆರಳಿನಲ್ಲಿ ಉಳಿಸಿಕೊಳ್ಳುವುದೇ ಕೆಲಸ.

ಉಳಿಸಿಕೊಳ್ಳುವ ವಿದ್ಯೆಯನ್ನು ಈ ಊರು ಹಿಂದೆಯೇ ಅಭ್ಯಾಸ ಮಾಡಿದೆ. 1933ರಲ್ಲಿ ಸೊಲ್ಲಾಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. ಅದರ ಬೆನ್ನಿಗೇ ವಿಜಾಪುರ, ಹಗರಿ, ರಾಯಚೂರುಗಳಲ್ಲೂ ಕೇಂದ್ರಗಳು ತೆರೆದವು. ಎರೆಹೊಲದಲ್ಲಿ ಎಡೆ ಹೊಡೆದು ಮೇಲ್ಮಣ್ಣು ಸಡಿಲಿಸಿದರೆ ಬಿರುಕು ಮುಚ್ಚಿ, ಒಳಗಿನ ಹಸಿ ಆರಿಹೋಗುವುದು ಕಡಿಮೆಯಾಗುತ್ತದೆ ಎಂಬುದು ಆ ಒಣಬೇಸಾಯದ ಮುಖ್ಯ ಪಾಠಗಳಲ್ಲೊಂದು. ಮನೆಯ ಮಡಿಯಲ್ಲಿ ಕುರ್ಚಿಗೆಯಿಂದ ವಾರಕ್ಕೊಮ್ಮೆ ಮೇಲ್ಪದರ ಕೆದರುವುದು ಇದೇ ಪಾಠದ ಸಣ್ಣ ರೂಪ. ಅದರ ಮೇಲೆ ಹೊದಿಕೆ. ಫೆಬ್ರುವರಿ, ಮಾರ್ಚಿನಲ್ಲಿ ಬೇವಿನ ಮರ ಎಲೆ ಉದುರಿಸುತ್ತದೆ. ಹೊದಿಕೆ ಬೇಕಾಗುವ ಹೊತ್ತಿಗೇ ರಸ್ತೆ ಬದಿಯಲ್ಲಿ ಅದು ಪುಕ್ಕಟೆ ಬಿದ್ದಿರುತ್ತದೆ. ಗುಡಿಸಿ ಬೆಂಕಿ ಹಚ್ಚುವ ಬದಲು ಎರಡು ಬೆರಳು ದಪ್ಪಕ್ಕೆ ಮಡಿಯ ಮೇಲೆ ಹರಡಿ, ಗಿಡದ ಬುಡದಿಂದ ಮಾತ್ರ ಒಂದಿಷ್ಟು ದೂರ ಇಡಿ. ಮಗ್ಗದ ಹತ್ತಿಯ ಧೂಳನ್ನೂ ಹೀಗೆ ಬಳಸಬಹುದೇ ಎಂದರೆ, ಬಣ್ಣ ಹಾಕದ ಬಿಳಿ ನೂಲಿನದಾದರೆ ತಿಪ್ಪೆಗೆ ಹಾಕಿ ಕೊಳೆಸಬಹುದು, ಬಣ್ಣದ್ದಾದರೆ ಬೇಡ.

ಬಳ್ಳಿಗಳಿಗೆ ಇನ್ನೂ ಒಂದು ಉಪಾಯ ಇದೆ. ಮೈಗೆ ಬಣ್ಣ, ಹೊಳಪು ಹಚ್ಚದ ಸಣ್ಣ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಮಡಿಯಲ್ಲಿ ಹೂತು, ಸುತ್ತ ಗೇಣು ದೂರದಲ್ಲಿ ಸವತಿ ಅಥವಾ ಹೀರಿ ಬೀಜ ಊರಬೇಕು. ಗಡಿಗೆಗೆ ನೀರು ತುಂಬಿ ಮೇಲೆ ಮುಚ್ಚಳ ಇಟ್ಟರೆ, ಅದು ಕುಡಿಯುವ ನೀರಿನ ಮಡಕೆಯಂತೆಯೇ ಬೆವರುತ್ತದೆ. ಆ ಬೆವರನ್ನು ಸುತ್ತಲಿನ ಮಣ್ಣು ಎಳೆದುಕೊಳ್ಳುತ್ತದೆ, ಮಣ್ಣಿನಿಂದ ಬೇರು. ಮಣ್ಣು ಹಸಿ ಇದ್ದಾಗ ನೀರು ಮೆಲ್ಲಗೆ ಹೊರಬರುತ್ತದೆ, ಒಣಗಿದಾಗ ಹೆಚ್ಚು. ಹೀಗೆ ಗಿಡಕ್ಕೆ ಬೇಕಾದಷ್ಟೇ ಖರ್ಚು, ಮೇಲ್ಮಣ್ಣು ಒಣಗಿರುವುದರಿಂದ ಕಳೆಯೂ ಕಡಿಮೆ. ತಿಂಗಳು ಕಳೆದು ಗಡಿಗೆಯ ಬಳಿ ಮಣ್ಣು ಬಗೆದು ನೋಡಿದರೆ ಬಿಳಿ ಬೇರುಗಳು ಅದರ ಮೈಯನ್ನು ಜಾಲದಂತೆ ತಬ್ಬಿರುತ್ತವೆ. ಮೇಲಿನ ನೆರಳಿಗೆ ಹಳೆಯ ಹತ್ತಿ ಸೀರೆ ಸಾಕು. ಪಡುವಣ ಕಡೆಗೆ ಎರಡು ಗಳ ನೆಟ್ಟು ಓರೆಯಾಗಿ ಕಟ್ಟಿದರೆ ಬೆಳಕೂ ಬರುತ್ತದೆ, ಉರಿಯೂ ತಪ್ಪುತ್ತದೆ. ಬಿಸಿಗಾಳಿಯ ದಿನಗಳಲ್ಲಿ ನುಸಿ, ಬಿಳಿನೊಣ, ಹೇನು ಕಂಡರೆ ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ಬರೀ ನೀರನ್ನು ರಭಸದಿಂದ ಚಿಮುಕಿಸಿ. ಅದಕ್ಕೂ ಬಗ್ಗದಿದ್ದರೆ ಲೀಟರ್ ನೀರಿಗೆ 3–5 ಮಿಲಿಲೀಟರ್ ಬೇವಿನೆಣ್ಣೆ, ಬೆರೆಯಲು ಒಂದಿಷ್ಟು ಸಾಬೂನು ಸೇರಿಸಿ ಸಂಜೆ ಸಿಂಪಡಿಸಿ.

ಸಂತೆಯಲ್ಲಿ ಸಿಗುವಾಗ ಇದೆಲ್ಲ ಏಕೆ?

ಕೊನೆಯ ಆಕ್ಷೇಪ ಲೆಕ್ಕಾಚಾರದ್ದು. ಫೆಬ್ರುವರಿಯಲ್ಲಿ ಮೆಂತ್ಯೆ, ಪಾಲಕ್ ಸಂತೆಯಲ್ಲಿ ಅಗ್ಗವಾಗಿಯೇ ಸಿಗುತ್ತವೆ. ದಿನಕ್ಕೆ ಅರ್ಧ ತಾಸು ದುಡಿದು ಅಷ್ಟೇ ಸೊಪ್ಪು ಬೆಳೆಯುವುದರಲ್ಲಿ ಏನು ಲಾಭ? ರೂಪಾಯಿಯಲ್ಲಿ ಹೇಳಿದರೆ ಲಾಭ ಸಣ್ಣದೇ, ಅದನ್ನು ಹಿಗ್ಗಿಸಿ ಹೇಳುವುದು ಸರಿಯಲ್ಲ. ಆದರೆ ಸೊಪ್ಪು ಕಿತ್ತ ಗಳಿಗೆಯಿಂದ ನೀರಿನಂಶವನ್ನೂ ಸಿ ಜೀವಸತ್ವವನ್ನೂ ಕಳೆದುಕೊಳ್ಳುತ್ತ ಹೋಗುತ್ತದೆ. ಬಿಸಿಲಿದ್ದಷ್ಟು ಅದು ಬೇಗ. ರೊಟ್ಟಿ ಬಡಿಯುವ ಹೊತ್ತಿಗೆ ಕಿತ್ತು ತಂದ ಮೆಂತ್ಯೆಯನ್ನು ಹಸಿಯಾಗಿಯೇ ಉಳ್ಳಾಗಡ್ಡಿ, ಶೇಂಗಾ ಹಿಂಡಿಯ ಜೊತೆ ತಿನ್ನುವ ಸೊಗಸು ಸಂತೆಯ ಕಟ್ಟಿನಲ್ಲಿ ಇರುವುದಿಲ್ಲ. ಅದಕ್ಕಿಂತ ದೊಡ್ಡ ಲಾಭ ಆ ಅರ್ಧ ತಾಸಿನಲ್ಲೇ ಇದೆ. ಮಗ್ಗದ ಶೆಡ್ಡಿನಲ್ಲಿ ಪಾಳಿಯುದ್ದಕ್ಕೂ ಸದ್ದಿನಲ್ಲಿ, ಹತ್ತಿಯ ಧೂಳಿನಲ್ಲಿ ನಿಂತವರಿಗೆ, ಮನೆಯೊಳಗೆ ಕುಕ್ಕರಗಾಲಿನಲ್ಲಿ ಕುಳಿತು ಬೀಡಿ ಸುತ್ತಿದವರಿಗೆ ತೆರೆದ ಗಾಳಿಯಲ್ಲಿ ಕಣ್ಣು ದೂರಕ್ಕೆ ಹರಿಯುವ ಹೊತ್ತು ಬೇಕು. ರಜೆಯ ದಿನ ಸಿದ್ಧೇಶ್ವರ ಕೆರೆಯ ದಂಡೆ ಇದೆ, ಹಿಪ್ಪರಗಾ ಕೆರೆಯ ಹಕ್ಕಿಗಳಿವೆ, ಚಿಗರಿ ಓಡಾಡುವ ನಾನ್ನಜದ ಮಾಳಢೋಕ ಅಭಯಾರಣ್ಯ ಇದೆ. ಆದರೆ ಅಲ್ಲಿಗೆಲ್ಲ ಹೋಗುವುದು ವರ್ಷಕ್ಕೆ ಒಂದೆರಡು ಸಲ. ತೋಟ ಇರುವುದು ಬಾಗಿಲಲ್ಲಿ.

ತೋಟ ಕರೆಯುವ ಹೊತ್ತು ಮನುಷ್ಯರಿಗೂ ಹಿತವಾದ ಹೊತ್ತೇ ಆಗಿರುತ್ತದೆ. ಸೂರ್ಯ ಹುಟ್ಟಿದ ಮೇಲಿನ ಮೊದಲ ಒಂದೂವರೆ ತಾಸು ಸೊಪ್ಪು ಕೊಯ್ಯಲು, ಸವತಿಯ ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಲು ತಕ್ಕದ್ದು. ಹತ್ತರ ನಂತರ ಗಿಡವೂ ಎಲೆ ಮುದುಡಿ ಸುಮ್ಮನಾಗುತ್ತದೆ, ನಾವೂ ಒಳಗಿರಬೇಕು. ಆ ಬಾಡುವಿಕೆ ಕಂಡು ಮಧ್ಯಾಹ್ನ ನೀರು ಹಾಕಲು ಹೋಗಬೇಡಿ, ಸಂಜೆಗೆ ಅದು ತಾನಾಗಿ ಚೇತರಿಸಿಕೊಳ್ಳುತ್ತದೆ. ಆ ದಿನದ ಕೊಡವನ್ನು ಹೊತ್ತು ಮುಳುಗುವಾಗ ಹಾಕಿದರೆ ನೀರು ರಾತ್ರಿಯೆಲ್ಲ ಬೇರಿಗೆ ದಕ್ಕುತ್ತದೆ. ಹೀರಿಯ ಹೂವು ಅರಳುವುದೂ ಆಗಲೇ. ಹಗಲೆಲ್ಲ ಬಿಗಿದುಕೊಂಡಿದ್ದ ಮೊಗ್ಗು ಬಿಸಿಲು ತಗ್ಗಿದ ಮೇಲೆ ಹಳದಿ ಎಸಳು ಬಿಚ್ಚುತ್ತದೆ. ಕಾಯಿ ಬೇಕೆಂದರೆ ಕತ್ತಲಾಗುವುದರೊಳಗೆ ಗಂಡು ಹೂವೊಂದನ್ನು ಕಿತ್ತು, ಬುಡದಲ್ಲಿ ಎಳೆಗಾಯಿ ಹೊತ್ತ ಹೆಣ್ಣು ಹೂವಿಗೆ ಮೆಲ್ಲಗೆ ಸವರಬೇಕು. ಆ ಕೆಲಸವನ್ನು ಮಕ್ಕಳ ಕೈಗೆ ಕೊಡಿ.